ದೇವರು ಇಳಿಯದೆಯೂ ಮುಗಿಯಿತು ‘ಜ್ವಾಲಾಕೇತು ವಧೆ’

ಅವತಾರ ಇಲ್ಲ, ಆಕಾಶದಿಂದ ಚಕ್ರ ಇಳಿಯುವುದಿಲ್ಲ. ಊರಿನವರೇ ಸೇರಿ ದುಷ್ಟ ಅರಸನನ್ನು ಮುಗಿಸುವ ಕಥೆ ತೆಂಕುತಿಟ್ಟು ಯಕ್ಷಗಾನದ ರಂಗಸ್ಥಳದಲ್ಲಿ ನಿಲ್ಲುತ್ತದೆ. ನಿಲ್ಲುವುದಿಲ್ಲ ಎಂದವರು ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಸುತ್ತ ಬೇಕಾದಷ್ಟು ಮಂದಿ ಇದ್ದರು. ನಾನು ಬರೆದ ಈ ಪ್ರಸಂಗದ ಈ ವರ್ಷದ ಆಟದಲ್ಲಿ ಕೂತವರು ಕೊನೆಯ ಮಂಗಳದ ಪದ್ಯದವರೆಗೂ ಏಳಲಿಲ್ಲ. ಕಾಲ್ಪನಿಕ ಪ್ರಸಂಗ ಕಟ್ಟುವ ಇತರರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕಥೆ ಚಿಕ್ಕದು. ಜ್ವಾಲಾಕೇತುವಿಗೆ ಅಗ್ನಿಯ ವರ: ಅವನು ಹಂಚಿದ ಬೆಂಕಿ ರಾಜ್ಯದಲ್ಲಿ ಒಂದು ಕಡೆಯಾದರೂ ಉರಿಯುವಷ್ಟು ಕಾಲ ಸಾವಿಲ್ಲ. ಅದಕ್ಕೇ ಬೇರೆ ಬೆಂಕಿಯನ್ನೆಲ್ಲ ನಿಷೇಧಿಸಿ, ದಿನಾ ಸಂಜೆ ಅರಮನೆಯ ಕೆಂಡವನ್ನೇ ಕ್ರಯ ಕೊಟ್ಟು ಒಯ್ಯಬೇಕೆಂದು ಕಟ್ಟಳೆ ಮಾಡುತ್ತಾನೆ. ಕಮ್ಮಾರನ ಮಗಳು ಅರಣಿಗೆ ಗುಟ್ಟು ಗೊತ್ತಾಗುತ್ತದೆ. ಒಲೆ ಆರಿಸಿ ಎಂದು ಮನೆಮನೆಗೆ ಹೋಗುತ್ತಾಳೆ. ಕೊನೆಗೆ ಉಳಿಯುವುದು ಒಂದೇ ದೀಪ, ಅರಸನ ತಾಯಿಯ ಕೋಣೆಯದ್ದು.

ಚರಿತ್ರೆಯೇ ಇರುವಾಗ ಕಟ್ಟುಕಥೆ ಯಾಕೆ ಎಂದು ಕೇಳಿದವರಿದ್ದಾರೆ. 1943ರ ಮಾರ್ಚ್ 29ರಂದು ಗಲ್ಲಿಗೇರಿದ ಕಯ್ಯೂರಿನ ನಾಲ್ವರು ರೈತ ಹೋರಾಟಗಾರರ ಜಿಲ್ಲೆ ನಮ್ಮದು. ಆದರೆ ಲಾಠಿ, ಬಂದೂಕು, ಪೊಲೀಸ್ ಟೊಪ್ಪಿಗಳನ್ನು ಕಿರೀಟ, ಭುಜಕೀರ್ತಿಗಳ ಎದುರು ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಚರಿತ್ರೆಯಿಂದ ಒಂದು ಎಳೆ ಮಾತ್ರ ತೆಗೆದುಕೊಂಡೆ. 1837ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ‘ಕಲ್ಯಾಣಪ್ಪನ ಕಾಟಕಾಯಿ’ ದಂಗೆಯ ಹಿಂದಿದ್ದ ಸಿಟ್ಟುಗಳಲ್ಲಿ ಒಂದು, ಧಾನ್ಯವಾಗಿ ಕೊಡುತ್ತಿದ್ದ ಕಂದಾಯವನ್ನು ಈಸ್ಟ್ ಇಂಡಿಯಾ ಕಂಪೆನಿ ನಗದಾಗಿಯೇ ಕೇಳಿದ್ದು. ಜ್ವಾಲಾಕೇತುವೂ ಕೆಂಡಕ್ಕೆ ಭತ್ತ ತೆಗೆದುಕೊಳ್ಳುವುದಿಲ್ಲ, ತನ್ನ ಟಂಕಸಾಲೆಯ ನಾಣ್ಯವೇ ಬೇಕು ಎನ್ನುತ್ತಾನೆ. ಆ ಒಂದು ಪದ್ಯಕ್ಕೆ ಅಡಿಕೆ ಬೆಳೆಗಾರರೆಲ್ಲ ತಲೆಯಾಡಿಸಿದರು.

ದೊಡ್ಡ ಅಡ್ಡಿ ಬಂದದ್ದು ದೇವರ ವಿಷಯದಲ್ಲಿ. ಕರಡು ಓದಿದ, ಪದ್ಯ ಹಾಡಿ ಆಟ ನಡೆಸುವ ಹಿರಿಯ ಭಾಗವತರೊಬ್ಬರು, “ಎಂತ ಮಾರಾಯ, ಕಡೆಗೆ ವಿಷ್ಣುವೂ ಇಲ್ಲ ದೇವಿಯೂ ಇಲ್ಲ, ಇದನ್ನು ಯಾರು ಆಡಿಸ್ತಾರೆ?” ಎಂದರು. “ಭಾಗವತರೇ, ವೇನರಾಜನನ್ನು ಕೊಂದದ್ದು ಯಾರು?” ಎಂದೆ. ಭಾಗವತ ಪುರಾಣದ ನಾಲ್ಕನೇ ಸ್ಕಂಧದಲ್ಲೇ ಇದೆ. ಯಜ್ಞ ನಿಲ್ಲಿಸಿದ ವೇನನನ್ನು ಋಷಿಗಳು ಹುಂಕಾರದಿಂದಲೇ ಮುಗಿಸುತ್ತಾರೆ, ಯಾವ ಅವತಾರಕ್ಕೂ ಕಾಯುವುದಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಪೀಠಿಕೆಯಲ್ಲಿ ವೇನನ ಹೆಸರು ಹಾಕು” ಎಂದರು. ಹಾಕಿದೆ. ಹಳೆಯ ಪ್ರಸಂಗಕರ್ತ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಪ್ರಸಂಗ ಬರೆಯುವವನಿಗೆ ಪುರಾಣದ ಇಷ್ಟು ಬಲವಾದರೂ ಬೇಕು.

ಇನ್ನು ವೇಷ. ಅರಸನಿಗೆ ರಾಕ್ಷಸರಿಗೆ ಹಾಕುವ ಬಣ್ಣದ ವೇಷವೇ ಆಗಬೇಕೆಂದು ಎಲ್ಲರ ಒತ್ತಾಯ. ಮುಖಕ್ಕೆ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟು, ತೆರೆಯ ಹಿಂದೆ ಅಬ್ಬರಿಸಿ, ರಾಳದ ಪುಡಿ ಬೆಂಕಿಯಾಗಿ ಹಾರಿದರೆ ಜನ ಬರುತ್ತಾರೆ ಎಂಬ ಲೆಕ್ಕ. ನಾನು ಒಪ್ಪಲಿಲ್ಲ. ಬಣ್ಣ ಹಾಕಿದ ಕೂಡಲೇ ಅವನು ರಾಕ್ಷಸನಾಗುತ್ತಾನೆ, ತಪ್ಪು ಹುಟ್ಟಿನದ್ದಾಗುತ್ತದೆ. ಸಿಂಹಾಸನದಲ್ಲಿ ಕೂತು ಕೆಟ್ಟವನು ರಾಜರ ಕಿರೀಟವೇಷವೇ ಆಗಬೇಕು. ಸುಂಕ ವಸೂಲಿಯ ದಳಪತಿ ಅಗ್ನಿಜಿಹ್ವನಿಗೆ ಬಣ್ಣ ಕೊಟ್ಟು ಜನರ ಆಸೆಯನ್ನೂ ತೀರಿಸಿದೆ. ಅರಣಿ ಮೊದಲರ್ಧದಲ್ಲಿ ಸಾಧಾರಣ ಸ್ತ್ರೀವೇಷ, ಅಪ್ಪನ ಕುಲುಮೆ ಒಡೆದ ಮೇಲೆ ವೀರಸ್ತ್ರೀಯರ ಕಸೆ ವೇಷ.

ಪ್ರಜೆಗಳು ಯಾರು? ಯಕ್ಷಗಾನದಲ್ಲಿ ಊರಿನವರು ಬಂದರೆ ಹಾಸ್ಯ. ಅವರಿಂದ ಬಂಡಾಯ ಮಾಡಿಸಿದರೆ ಅದನ್ನೂ ಜನ ನಗುತ್ತಾರೆ ಎಂಬ ಮಾತು ಸುಳ್ಳಲ್ಲ. ಎಳೆಯ ವೀರರ ಪುಂಡುವೇಷ ಹಾಕಿಸಿ ನೋಡಿದೆ. ಮೂವರು ಅಭಿಮನ್ಯುಗಳು ಬಂದ ಹಾಗೆ ಕಂಡಿತು, ಕುಂಬಾರ ಕಾಣಲಿಲ್ಲ. ಕಡೆಗೆ ಕುಂಬಾರನನ್ನು ಹಾಸ್ಯಗಾರರಿಗೇ ಕೊಟ್ಟೆ. ಅರ್ಧ ಆಟ ಅವರು ನಗಿಸಲಿ. ಆಮೇಲೆ ಅರಣಿ ಬಂದು ಕೇಳಿದಾಗ ಮಡಕೆ ಸುಡುವ ಅವನ ಆವಿಗೆಯ ತುಂಬ ಮಡಕೆ, ಬೆಂಕಿ ಅರ್ಧ ಏರಿದೆ. ಆರಿಸಿದರೆ ವರ್ಷದ ದುಡಿಮೆ ಹೋಯಿತು. ಆರಿಸುತ್ತಾನೆ. ತ್ರಿವುಡೆ ತಾಳದಲ್ಲಿ ನಿಧಾನದ ಪದ್ಯ, ಚೆಂಡೆ ಪೂರ್ತಿ ಬಂದ್, ಮದ್ದಳೆ ಮಾತ್ರ. ನಗುತ್ತಿದ್ದ ಸಭೆ ಅಲ್ಲೇ ನಿಂತಿತು. ಇಡೀ ಪ್ರಸಂಗ ಗೆದ್ದದ್ದು ಈ ಜಾಗದಲ್ಲಿ. ಇದನ್ನು ನನಗಿಂತ ಮೊದಲು ತೆಂಕಿನಲ್ಲಿ ಯಾರಾದರೂ ಮಾಡಿದ್ದನ್ನು ನಾನು ನೋಡಿಲ್ಲ.

ಅಲ್ಲಿಗೆ ತಲುಪುವ ಮೊದಲು, ವೇಷವಿಲ್ಲದೆ ಕೂತು ಪದ್ಯ, ಮಾತುಗಳಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆಯಲ್ಲಿ ಪೆಟ್ಟು ತಿಂದಿದ್ದೆವು. ಹೊಸ ಪ್ರಸಂಗವನ್ನು ನೇರ ರಂಗಕ್ಕೆ ತರಬೇಡಿ. ಮೇಳಗಳ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ, ಪಾತ್ರದ ಮಾತು ಕಟ್ಟುವ ಒಳ್ಳೆಯ ಅರ್ಥಧಾರಿಗಳನ್ನು ಕೂರಿಸಿ, ಎಲ್ಲಿ ಸೋರುತ್ತದೆ ಎಂದು ಗೊತ್ತಾಗುತ್ತದೆ. ನಮ್ಮಲ್ಲಿ ಜ್ವಾಲಾಕೇತು ಅರ್ಥ ಹೇಳಿದವರು, “ಬೇಸಗೆ ಬೇಸಗೆಗೆ ಊರೂರು ಸುಡುತ್ತಿತ್ತು. ಬೆಂಕಿ ನನ್ನ ವಶಕ್ಕೆ ಬಂದ ಮೇಲೆ ನಿಮ್ಮ ಹುಲ್ಲು ಹೊದಿಸಿದ ಮುಳಿಮಾಡು ಒಂದಾದರೂ ಸುಟ್ಟಿತೇ?” ಎಂದು ಹಾಕಿದರು. ಅರಣಿಯ ಅರ್ಥಧಾರಿಯ ಬಾಯಿ ಕಟ್ಟಿತು. ಎರಡನೆಯ ಕಡೆಯಲ್ಲೂ ಅರಸನೇ ಗೆದ್ದ. ಸಭೆ ಅವನ ಪರ ಚಪ್ಪಾಳೆ ತಟ್ಟಿತು. ಮನೆಗೆ ಬಂದು ಅರಸನ ವಾದವನ್ನು ಇಳಿಸಲಿಲ್ಲ, ಇನ್ನೂ ಏರಿಸಿದೆ, ಅವಳಿಗೆ ಉತ್ತರದ ಪದ್ಯ ಬರೆದೆ: “ಸುಡದ ಮನೆಗಳ ಎಣಿಸಿದೆ, ಬೇಯದನ್ನಕೆ ಅತ್ತು ಮಲಗಿದ ಮಕ್ಕಳೆಷ್ಟು?” ಆಮೇಲೆ ವಾದ ಸಮ ಬಂತು. ಇನ್ನೂರರ ಹತ್ತಿರ ಇದ್ದ ಪದ್ಯಗಳು ನೂರಹತ್ತರ ಆಸುಪಾಸಿಗೆ ಇಳಿದದ್ದೂ ಅಲ್ಲೇ.

ದುಡ್ಡಿನ ವಿಷಯವನ್ನೂ ಹೇಳುತ್ತೇನೆ, ಯಾರೂ ಹೇಳುವುದಿಲ್ಲ. ತಾಳಮದ್ದಳೆ ಒಂದಕ್ಕೆ ಇಪ್ಪತ್ತು ಇಪ್ಪತ್ತೈದು ಸಾವಿರ. ಆಟಕ್ಕೆ ಹಿಮ್ಮೇಳ, ಮುಮ್ಮೇಳ, ವೇಷಭೂಷಣದ ಬಾಡಿಗೆ, ಮೈಕು, ಊಟ ಸೇರಿ ಒಂದೂವರೆ ಲಕ್ಷ ದಾಟಿತು. ಮೊದಲ ಆಟಕ್ಕೆ ಕೊಡುತ್ತೇನೆಂದ ಒಂದು ಸಮಿತಿ ಪ್ರಸಂಗದ ಹೆಸರು ಕೇಳಿ ಹಿಂದೆ ಸರಿಯಿತು. ಬೆಲೆ ಏರಲಿ ಎಂದು ಇಟ್ಟಿದ್ದ ಚಾಲಿ ಅಡಿಕೆ ಎರಡು ಕ್ವಿಂಟಲಿನಷ್ಟು ಮಾರಿದೆ, ಉಳಿದದ್ದು ಸಾಲ. ಬಂದದ್ದು ಮೂವತ್ತು ಸಾವಿರವೂ ಇರಲಿಕ್ಕಿಲ್ಲ. ಎರಡನೆಯ ಆಟಕ್ಕೆ ಮಾತ್ರ ಕೈಯಿಂದ ಹೋಗಲಿಲ್ಲ.

ಮೊದಲ ಆಟ ಕೆಟ್ಟದ್ದು ಕತ್ತಲೆಯಿಂದ. ಒಲೆಗಳು ಆರುವಾಗ ಲೈಟುಗಳನ್ನೂ ಒಂದೊಂದಾಗಿ ಆರಿಸಿ ರಂಗವನ್ನು ಪೂರ್ತಿ ಕತ್ತಲು ಮಾಡುವುದೆಂದಿತ್ತು. ಜನ ಕರೆಂಟು ಹೋಯಿತೆಂದು ಮೊಬೈಲ್ ಟಾರ್ಚ್ ಹಾಕಿಬಿಟ್ಟರು! ಎರಡನೆಯ ಸಲ ಆಟ ಶುರುವಾದದ್ದೇ ಎಣ್ಣೆಯ ದೊಂದಿ ಪಂಜಿನ ಬೆಳಕಿನಲ್ಲಿ, ಎಲೆಕ್ಟ್ರಿಕ್ ಒಂದೂ ಇಲ್ಲ. ದೊಂದಿ ಒಂದೊಂದೇ ಆರಿದರೆ ಯಾರಿಗೂ ಸಂಶಯ ಬರುವುದಿಲ್ಲ. ಎಳ್ಳೆಣ್ಣೆಗಿಂತ ತೆಂಗಿನೆಣ್ಣೆಗೆ ಹೊಗೆ ಕಡಿಮೆ ಕಂಡಿತು, ಭಾಗವತರ ಗಂಟಲು ಉಳಿಯಿತು.

ಅರಸ ಸತ್ತ ಮೇಲೆ ಹೊಸ ಬೆಂಕಿ ಹುಟ್ಟಬೇಕಲ್ಲ. ನಿಜವಾಗಿಯೇ ಬೆಂಕಿ ಹುಟ್ಟಿಸುವ ಅರಣಿ ಕಟ್ಟಿಗೆಯನ್ನು ಕಡೆದು ರಂಗದಲ್ಲಿ ಕಿಡಿ ತರುವ ಹಠ ನನಗೆ. ಅಶ್ವತ್ಥದ ಕಟ್ಟಿಗೆ ತಂದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದೆ. ಮಳೆಗಾಲದಲ್ಲಿ ಕೈ ಬೊಬ್ಬೆ ಬಂದದ್ದೇ ಬಂತು, ಹೊಗೆ ಮಾತ್ರ. ತೆಂಗಿನ ನಾರು, ಹತ್ತಿ, ಈಚಲಿನ ಜುಂಗು ಎಲ್ಲ ಇಟ್ಟು ನೋಡಿದೆ. ಮಕರ ತಿಂಗಳ ಬಿಸಿಲಿಗೆ ಕಿಡಿ ಬಂತು, ಆದರೆ ಕಾಲು ಗಂಟೆ ಬೇಕು. ರಂಗದಲ್ಲಿ ಅದು ಒಂದು ಏಕತಾಳದ ಪದ್ಯದೊಳಗೆ ಹತ್ತುತ್ತದೆ. ಹೇಗೆಂದು ಬರೆಯುವುದಿಲ್ಲ. ತಾಯಿಯ ದೀಪ ಯಾರೂ ಊದದೆ, ಯಾರೂ ಮುಟ್ಟದೆ ಆರುವ ಉಪಾಯವೂ ನಾವು ವೇಷ ಕಟ್ಟುವ ಚೌಕಿಯೊಳಗೇ ಇರಲಿ.

ಪುತ್ತೂರು ಕಡೆಯ ಒಂದು ಸಂಘದವರು ಪದ್ಯಗಳ ಪ್ರತಿ ಕೇಳಿದ್ದಾರೆ. ಕೊಡುತ್ತೇನೆ, ಸಂಭಾವನೆ ಬೇಡ. ಎರಡು ಶರತ್ತು ಹಾಕಿದ್ದೇನೆ: ಅರಸನಿಗೆ ಬಣ್ಣ ಹಾಕಬಾರದು, ಕಡೆಗೆ ವಿಷ್ಣುವನ್ನು ತರಬಾರದು. ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದರ ಬಗ್ಗೆ ಅವರ ಭಾಗವತರನ್ನು ಕೇಳಿ ಹೇಳುತ್ತಾರಂತೆ.