ಎರಡನೇ ಸಲ ಪ್ರೋಬ್ ಇಟ್ಟಾಗ

ಮಲೆನಾಡಿನ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಅಡಿಕೆ ಕೊಯ್ಲು ಶುರುವಾಯಿತೆಂದರೆ ಮರದಿಂದ ಬಿದ್ದವರು ಬರತೊಡಗುತ್ತಾರೆ. ಕೈಕಾಲು, ಸೊಂಟ ಮುರಿದಿದ್ದರೆ ಎಕ್ಸ್‌ರೇ ಹೇಳುತ್ತದೆ. ನನಗೆ ಹೆದರಿಕೆ ಹೊಟ್ಟೆಯದು. ಹೊರಗೆ ಒಂದು ತರಚು ಗಾಯವೂ ಇಲ್ಲದೆ ಒಳಗೆ ಲೀಟರುಗಟ್ಟಲೆ ರಕ್ತ ಸೋರಿರಬಹುದು.

ಅಂಥವರಿಗೆ ಮೊದಲು ಮಾಡುವುದು ಫಾಸ್ಟ್ ಸ್ಕ್ಯಾನ್. ಇದೂ ಪ್ರೋಬ್ ಎಂಬ ಹಿಡಿಯನ್ನು ಮೈಗೆ ಒತ್ತಿ ನೋಡುವ ಅಲ್ಟ್ರಾಸೌಂಡೇ, ಆದರೆ ಇಲ್ಲಿ ಕೇಳುವ ಪ್ರಶ್ನೆ ಒಂದೇ: ಇರಬಾರದ ಕಡೆ ರಕ್ತ ಇದೆಯೇ? ಬಲಗಡೆ ಯಕೃತ್ತು ಮತ್ತು ಮೂತ್ರಪಿಂಡದ ನಡುವೆ, ಎಡಗಡೆ ಗುಲ್ಮದ (ಸ್ಪ್ಲೀನ್) ಸುತ್ತ, ಕೆಳಗೆ ಮೂತ್ರಕೋಶದ ಹಿಂದೆ, ಮೇಲೆ ಹೃದಯದ ಸುತ್ತ. ನಾಲ್ಕು ಜಾಗ, ಮೂರ್ನಾಲ್ಕು ನಿಮಿಷ. ನರ್ಸ್ ಸಲೈನ್ ಹಾಕುತ್ತಿರುವಾಗಲೇ ಮುಗಿಯುತ್ತದೆ.

ಇದನ್ನು ಕಲಿತ ಹೊಸದರಲ್ಲಿ, ಬೇರೊಂದು ಆಸ್ಪತ್ರೆಯಲ್ಲಿ, ಬೈಕಿನಿಂದ ಬಿದ್ದ ಹುಡುಗನೊಬ್ಬನ ಹೊಟ್ಟೆ ನೋಡಿ ‘ರಕ್ತವಿಲ್ಲ’ ಎಂದು ಬರೆದೆ. ನಾಡಿ 120 ಇತ್ತು, ನೋವಿಗೆ ಎಂದುಕೊಂಡೆ. ಸಿಟಿ ಸ್ಕ್ಯಾನಿಗೆ ಕಳುಹಿಸಿದೆ. ಆ ಯಂತ್ರದೊಳಗೇ ಅವನ ಬಿಪಿ ಕುಸಿಯಿತು. ಅವನು ಉಳಿಯಲಿಲ್ಲ. ಹೊಟ್ಟೆಯಲ್ಲಿ ಸುಮಾರು 200 ಮಿಲಿಲೀಟರ್‌ಗಿಂತ ಕಡಿಮೆ ರಕ್ತವಿದ್ದರೆ ಈ ಸ್ಕ್ಯಾನ್‌ನಲ್ಲಿ ಕಣ್ಣು ತಪ್ಪುವುದೇ ಹೆಚ್ಚು ಎಂದು ಪುಸ್ತಕದಲ್ಲಿ ಓದಿದ್ದೆ. ಓದಿದ್ದು ಆ ರಾತ್ರಿ ನೆನಪಿಗೆ ಬರಲಿಲ್ಲ.

ಕಳೆದ ಕೊಯ್ಲಿನಲ್ಲಿ ಮೂವತ್ತರ ಆಸುಪಾಸಿನವನೊಬ್ಬ ಬಂದ. ಎದ್ದು ಕುಳಿತು ಮಾತಾಡುತ್ತಿದ್ದ. ಬಿಪಿ 116/78, ನಾಡಿ 104. ನಾಲ್ಕೂ ಕಡೆ ನೋಡಿದೆ, ಏನೂ ಇಲ್ಲ. “ಏನಿಲ್ಲ ಅಲ್ವಾ ಡಾಕ್ಟರೇ, ಮನೆಗೆ ಕರೆದುಕೊಂಡು ಹೋಗಲಾ?” ಎಂದು ಹೆಂಡತಿ ಕೇಳಿದಳು. “ಈಗ ಕಾಣಲಿಲ್ಲ ಅಷ್ಟೇ ತಾಯಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡುತ್ತೇನೆ” ಎಂದೆ.

ಅರ್ಧ ಗಂಟೆಯಲ್ಲಿ ನಾಡಿ 122 ಆಗಿತ್ತು, ಬಿಪಿ ಇನ್ನೂ ಇಳಿದಿರಲಿಲ್ಲ. ಹರೆಯದವರ ದೇಹ ರಕ್ತನಾಳಗಳನ್ನು ಬಿಗಿಹಿಡಿದು ಬಹಳ ಹೊತ್ತು ತಡೆಯುತ್ತದೆ, ಆಮೇಲೆ ಒಮ್ಮೆಲೇ ಕೈಬಿಡುತ್ತದೆ. ದೀಪ ಆರಿಸಿ, ಮಂಚದ ತಲೆಯ ಕಡೆಯನ್ನು ಸ್ವಲ್ಪ ತಗ್ಗಿಸಿ, ಬಲ ಪಕ್ಕೆಲುಬಿನ ಸಂದಿಗೆ ಪ್ರೋಬ್ ಇಟ್ಟೆ. ಬೂದು ಬಣ್ಣದ ಯಕೃತ್ತು, ಅದಕ್ಕೆ ಒತ್ತಿಕೊಂಡು ಅವರೆಕಾಳಿನಂಥ ಮೂತ್ರಪಿಂಡ. ಮೊದಲ ಸಲ ಎರಡರ ನಡುವೆ ತೆಳ್ಳಗಿನ ಬಿಳಿ ಗೆರೆಯಷ್ಟೇ ಇತ್ತು. ಈಗ ಅಲ್ಲಿ ಕಾಡಿಗೆ ತೀಡಿದಂತೆ ಕಪ್ಪು ಪಟ್ಟಿ, ಅಂದರೆ ರಕ್ತ. ಪ್ರೋಬನ್ನು ಯಕೃತ್ತಿನ ಕೆಳತುದಿಯತ್ತ ಜಾರಿಸಿದೆ, ಅಲ್ಲಿ ಇನ್ನೂ ಅಗಲವಾಗಿತ್ತು.

ಸಿಟಿಗೆ ಕಳುಹಿಸಲಿಲ್ಲ. ರಕ್ತ ತರಿಸಲು ಹೇಳಿ ಶಸ್ತ್ರಚಿಕಿತ್ಸಕರನ್ನು ಕರೆದೆ. ಅವರು ಬರುವಷ್ಟರಲ್ಲಿ ಬಿಪಿ 88ಕ್ಕೆ ಬಂದಿತ್ತು, ನೇರ ಆಪರೇಷನ್ ಥಿಯೇಟರಿಗೇ ಒಯ್ದರು. ಒಡೆದದ್ದು ಎಡಗಡೆಯ ಗುಲ್ಮ. ಮಲಗಿದವನ ಹೊಟ್ಟೆಯಲ್ಲಿ ರಕ್ತ ತಗ್ಗು ಹುಡುಕಿ ಹರಿಯುತ್ತದೆ, ಬಲಗಡೆಯ ಆ ಸಂದಿ ಅಂಥ ತಗ್ಗು. ಆದರೆ ಕರುಳು ಹರಿದಿದ್ದರೆ, ಬೆನ್ನಿನ ಕಡೆ ರಕ್ತ ಕಟ್ಟಿದ್ದರೆ ಈ ಸ್ಕ್ಯಾನ್ ನಂಬುವಂತಿಲ್ಲ. ಬಿಪಿ ಕುಸಿಯದೆ ಸ್ಥಿರವಾಗಿರುವವರಿಗೆ ಸಿಟಿಯೇ ಬೇಕು.

ಅಲ್ಟ್ರಾಸೌಂಡ್ ಯಂತ್ರ ನಮ್ಮ ವಿಭಾಗಕ್ಕೆ ಬಂದದ್ದು ಸುಲಭವಾಗಿ ಅಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಡಿ ಯಂತ್ರವೂ ಜಾಗವೂ ನೋಂದಣಿಯಾಗಬೇಕು, ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ಎಫ್ ಫಾರಂ ತುಂಬಬೇಕು. ಕಾಯ್ದೆ ಬೇಕೇ ಬೇಕು, ಹೆಣ್ಣುಮಕ್ಕಳನ್ನು ಉಳಿಸಲು ಬಂದದ್ದು ಅದು. ಆದರೆ ರಾತ್ರಿ ಎರಡು ಗಂಟೆಗೆ ಸ್ಕ್ಯಾನಿಂಗ್ ಕೋಣೆಯ ಬೀಗದ ಕೈಗಾಗಿ ಓಡಾಡಿದ ದಿನಗಳನ್ನು ನಾನು ಮರೆತಿಲ್ಲ. ಅರ್ಜಿ ಹಿಡಿದು ತಿಂಗಳುಗಟ್ಟಲೆ ಅಲೆದೆ.

ಆಪರೇಷನ್ ಆದ ಆತ ಹತ್ತನೇ ದಿನ ನಡೆದುಕೊಂಡು ಮನೆಗೆ ಹೋದ. ಆ ವಾರವೇ ನಮ್ಮ ಕೇಸ್ ಶೀಟನ್ನು ಹೊಸದಾಗಿ ಅಚ್ಚು ಹಾಕಿಸಿದೆವು. ‘ಫಾಸ್ಟ್ ಸ್ಕ್ಯಾನ್’ ಎಂಬ ಸಾಲಿನ ಮುಂದೆ ಸಮಯ ಬರೆಯಲು ಈಗ ಎರಡು ಖಾಲಿ ಜಾಗಗಳಿವೆ.