ಮಳೆಗಾಲದ ಜ್ವರವನ್ನು ಗುಂಪಾಗಿ ಓದುವವರಿಗೆ

ಮುಂಬೈಯಲ್ಲಿ ಎಂಬಿಬಿಎಸ್ ಓದುತ್ತಿರುವ ನಮ್ಮ ಕನ್ನಡದ ಮಕ್ಕಳಿಗೆ ಒಂದು ಸಲಹೆ. ಸಾಂಕ್ರಾಮಿಕ ರೋಗಗಳನ್ನು ಬಾಯಿಪಾಠ ಮಾಡುವ ಬದಲು ಐದಾರು ಮಂದಿ ಸೇರಿ ಒಂದೊಂದೇ ಪ್ರಕರಣವನ್ನು ಬಿಡಿಸಿ ನೋಡಿ. ಪೂರ್ತಿ ವಿವರ ಒಬ್ಬರ ಕೈಯಲ್ಲಿ ಮಾತ್ರ ಇರಲಿ. ಉಳಿದವರು ಕೇಳಿದಷ್ಟನ್ನೇ ಅವರು ಹೇಳಬೇಕು.

ಉದಾಹರಣೆಗೆ, ಜುಲೈ ತಿಂಗಳು, ಕುರ್ಲಾದ ಕೂಲಿ ಕಾರ್ಮಿಕ, 4 ದಿನದ ಜ್ವರ, ಮೈಕೈ ನೋವು. ಇಷ್ಟಕ್ಕೇ ನಿಲ್ಲಿಸಿ. ಯಾರೂ ಬಾಯಿ ತೆರೆಯುವ ಮೊದಲು ಪ್ರತಿಯೊಬ್ಬರೂ ತಮಗೆ ತೋಚಿದ ಮೂರು ರೋಗಗಳನ್ನು ಕಾರಣಸಹಿತ ಬರೆದಿಡಬೇಕು. ಇದನ್ನು ದಯವಿಟ್ಟು ಬಿಡಬೇಡಿ. ಇಲ್ಲದಿದ್ದರೆ ದೊಡ್ಡ ದನಿಯವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ. ನಿಂತ ನೀರಿನಲ್ಲಿ ನಡೆದಿದ್ದನೇ, ಎಷ್ಟು ದಿನವಾಯಿತು, ಕಾಲಿನಲ್ಲಿ ಗಾಯವಿತ್ತೇ ಎಂದು ಕೇಳಿದರೆ ಮಾತ್ರ ಆ ಸುಳಿವು ಸಿಗಲಿ. ಈ ಪ್ರಶ್ನೆಗಳನ್ನು ಮರಾಠಿಯಲ್ಲೇ ಕೇಳಿ ಅಭ್ಯಾಸ ಮಾಡಿ, ವಾರ್ಡಿನಲ್ಲಿ ಬೇಕಾಗುವುದು ಅದೇ. ಮೀನಖಂಡ ಒತ್ತಿದರೆ ನೋವು, ಕೀವಿಲ್ಲದೆ ಕೆಂಪೇರಿದ ಕಣ್ಣು ಎಂದಾಗ ಲೆಪ್ಟೊಸ್ಪೈರೋಸಿಸ್ (ಇಲಿಯಂಥ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ) ಮುಂದೆ ಬರುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಈ ನಗರವನ್ನು ಕಾಡಿದ ರೋಗವದು. ಆದರೂ ಮಲೇರಿಯಾ, ಡೆಂಗಿಯನ್ನು ಕೈಬಿಡುವಂತಿಲ್ಲ. ಒಬ್ಬನಲ್ಲೇ ಎರಡು ಸೋಂಕುಗಳಿರಬಹುದು.

ಪರೀಕ್ಷೆ ಬೇಕೆನ್ನುವವರು ಜ್ವರದ ಎಷ್ಟನೇ ದಿನವೆಂದು ಹೇಳಲೇಬೇಕು. ಡೆಂಗಿಗೆ ಮೊದಲ 5 ದಿನ ವೈರಸ್ಸಿನ ಪ್ರೋಟೀನನ್ನು ಹುಡುಕುವ ಎನ್‌ಎಸ್‌1 ಪರೀಕ್ಷೆ, ಆಮೇಲೆ ದೇಹದ ಪ್ರತಿಕಾಯವನ್ನು ಹುಡುಕುವ ಐಜಿಎಂ ಪರೀಕ್ಷೆ ಹೆಚ್ಚು ಉಪಯುಕ್ತ. ಲೆಪ್ಟೊ ಸಂಶಯ ಬಲವಾಗಿದ್ದರೆ ವರದಿಗೆ ಕಾಯದೆ ಆ್ಯಂಟಿಬಯೊಟಿಕ್ ಆರಂಭಿಸುತ್ತಾರೆ. ಏಕೆ ಎಂಬ ಚರ್ಚೆಗೆ ಧಾರಾಳವಾಗಿ ಸಮಯ ಕೊಡಿ.

ವಾರ್ಡಿನ ನಿಜವಾದ ರೋಗಿಯ ಪ್ರಕರಣವಾದರೆ ಹೆಸರು, ವಿಳಾಸ, ಫೋಟೊ ಯಾವುದೂ ಗುಂಪಿಗೆ ಬರಕೂಡದು.