ಗರೀಬ್‌ಪುರದ ಕೆಸರು, ಶಿರಸಿಯ ಮಣ್ಣು

ನಾನು ಕಟ್ಟಿದ ಮೊದಲ ಪಿಟಿ-76 ಟ್ಯಾಂಕಿನ ಪುಟ್ಟ ಪ್ಲಾಸ್ಟಿಕ್ ಮಾದರಿಯ ಚಕ್ರಗಳಿಗೆ ಮೆತ್ತಿದ್ದು ಶಿರಸಿಯ ಕೆಮ್ಮಣ್ಣು. ಊರಿಗೆ ಹೋದಾಗ ಮನೆಯ ಹಿಂದಿನ ಧರೆಯಿಂದ ಒಂದು ಡಬ್ಬಿ ತುಂಬಿ ತಂದಿದ್ದೆ. ನಿಜವಾದ ಮಣ್ಣಿಗಿಂತ ನಿಜವಾದದ್ದು ಇನ್ನೇನಿದೆ ಎಂಬ ಧಿಮಾಕು. ಮುಗಿದ ಮೇಲೆ ಬಂಗಾಳದ ಸಹೋದ್ಯೋಗಿಯೊಬ್ಬರಿಗೆ ತೋರಿಸಿ, 1971ರ ನವೆಂಬರ್, ಗರೀಬ್‌ಪುರ, ಜೆಸ್ಸೋರ್ ಕಡೆಯ ಕಾಳಗ ಎಂದೆಲ್ಲ ವಿವರಿಸಿದೆ. ಅವರು ಸುಮ್ಮನೆ ತಿರುಗಿಸಿ ನೋಡಿ, "ನಮ್ಮ ಕಡೆ ಮಣ್ಣು ಬೂದು ಬಣ್ಣದ್ದು" ಎಂದರು. ಅಷ್ಟೇ. ಮೂರು ತಿಂಗಳ ಕೆಲಸಕ್ಕೆ ಆ ಒಂದು ಮಾತು ಸಾಕಾಯಿತು.

ಆ ಮಾದರಿಯನ್ನು ಅಟ್ಟಕ್ಕೆ ಹಾಕಿ ಎರಡನೆಯದನ್ನು ಶುರು ಮಾಡಿದೆ. ಈ ಬಾರಿ ಅಂಟು ಮುಟ್ಟುವ ಮೊದಲು ಕಾಗದದ ಮೇಲೆ ಒಂದೇ ಸಾಲು ಬರೆದುಕೊಂಡೆ: 21 ನವೆಂಬರ್ 1971, ಬೆಳಗಿನ ಜಾವ, ಮಂಜು. ಮುಂದೆ ಗೊಂದಲವಾದಾಗಲೆಲ್ಲ ಆ ಸಾಲನ್ನು ನೋಡಿ ತೀರ್ಮಾನಿಸಿದೆ.

ಅಂದು ನಡೆದದ್ದು ಇಷ್ಟು. ಭಾರತ-ಪಾಕಿಸ್ತಾನ ಯುದ್ಧ ಅಧಿಕೃತವಾಗಿ ಶುರುವಾಗಲು ಇನ್ನೂ ಹನ್ನೆರಡು ದಿನಗಳಿದ್ದವು. ಪಂಜಾಬ್ ರೆಜಿಮೆಂಟಿನ 14ನೇ ಬೆಟಾಲಿಯನ್, 45 ಕ್ಯಾವಲ್ರಿ ಎಂಬ ಟ್ಯಾಂಕ್ ರೆಜಿಮೆಂಟಿನ ಹದಿನಾಲ್ಕು ಪಿಟಿ-76 ಟ್ಯಾಂಕುಗಳ ಜತೆ ಗಡಿಯಾಚೆ, ಆಗಿನ ಪೂರ್ವ ಪಾಕಿಸ್ತಾನದ ಗರೀಬ್‌ಪುರದಲ್ಲಿ ನೆಲೆ ಹಿಡಿದಿತ್ತು. ಬೆಳಗಿನ ಮಂಜಿನಲ್ಲಿ ಪಾಕಿಸ್ತಾನದ ಶಾಫಿ ಟ್ಯಾಂಕುಗಳು ಮೇಲೇರಿ ಬಂದವು. ಅವುಗಳಲ್ಲಿ ಹೆಚ್ಚಿನವು ಅಲ್ಲೇ ನಾಶವಾದವು. ನಮ್ಮ ಸ್ಕ್ವಾಡ್ರನ್ನಿನ ನಾಯಕ ಮೇಜರ್ ದಲ್ಜೀತ್ ಸಿಂಗ್ ನಾರಗ್ ಮೆಷಿನ್ ಗನ್ ಗುಂಡಿಗೆ ಬಲಿಯಾದರು; ಅವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪಿಟಿ-76 ನೀರಿನಲ್ಲಿ ಈಜುವ ಟ್ಯಾಂಕು. ಸೈನಿಕರು ಅದಕ್ಕಿಟ್ಟ ಹೆಸರು 'ಪಿಪ್ಪಾ', ಅಂದರೆ ತುಪ್ಪದ ಖಾಲಿ ಡಬ್ಬ. ಟೈಗರ್, ಪ್ಯಾಂಥರ್ ಎಂದು ಎಲ್ಲರೂ ಕಟ್ಟುವ ಜರ್ಮನ್ ದೈತ್ಯರಿಗಿಂತ ಈ ಡಬ್ಬವೇ ನನಗೆ ಹಿಡಿಸಿತು.

ಮೊದಲ ಮಾದರಿಯಲ್ಲಿ ಮಣ್ಣಿಗಿಂತ ದೊಡ್ಡ ತಪ್ಪೊಂದಿತ್ತು. ಅದನ್ನು ನಾನೇ ಕಂಡುಕೊಂಡೆ, ಸದ್ಯ ಬೇರೆ ಯಾರೂ ಗಮನಿಸಿರಲಿಲ್ಲ. ಟ್ರಂಪೆಟರ್ ಕಂಪನಿ 1/35 ಅಳತೆಯಲ್ಲಿ, ಅಂದರೆ ನಿಜದ್ದರ ಮೂವತ್ತೈದನೇ ಒಂದು ಪಾಲಿನಲ್ಲಿ, ಈ ಟ್ಯಾಂಕಿನ ಆರಂಭಿಕ ಮಾದರಿಗೂ ನಂತರದ ಪಿಟಿ-76ಬಿಗೂ ಬೇರೆ ಬೇರೆ ಕಿಟ್, ಅಂದರೆ ಜೋಡಿಸಿಕೊಳ್ಳುವ ಬಿಡಿಭಾಗಗಳ ಪೆಟ್ಟಿಗೆ, ಮಾಡುತ್ತದೆ. ನಾನು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಆರಂಭಿಕ ಮಾದರಿಯನ್ನು ತರಿಸಿದ್ದೆ. ಅದರ ಫಿರಂಗಿಯ ತುದಿಯಲ್ಲಿ ಸಾಲು ಸಾಲು ಸೀಳುಗಳು. ನಂತರದ ಫಿರಂಗಿಯಲ್ಲಿ ಸೀಳುಗಳ ಬದಲು ಎರಡೇ ದೊಡ್ಡ ಕಿಂಡಿಗಳು, ಅದರ ಹಿಂದೆ ಸಿಡಿದ ಮದ್ದಿನ ಹೊಗೆಯನ್ನು ಒಳಗೆ ಬಾರದಂತೆ ಹೊರಕ್ಕೆಳೆಯುವ ಉರುಟಾದ ತೋಳು. 1971ರ ಚಿತ್ರಗಳಲ್ಲಿ ಕಾಣುವುದು ಈ ತೋಳಿರುವ ಫಿರಂಗಿ. ಬಾಲ್ ಪೆನ್ನಿನ ಖಾಲಿ ರೀಫಿಲ್ ಕತ್ತರಿಸಿ ತೋಳು ಮಾಡಲು ಹೊರಟೆ. ಅಳತೆಯೇನೋ ಹೊಂದುವಂತಿತ್ತು, ಆದರೆ ರೀಫಿಲ್ಲಿನ ಪ್ಲಾಸ್ಟಿಕ್ಕಿಗೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ. ಒಣಗಿದ ಬಣ್ಣ ಹಾವಿನ ಪೊರೆಯಂತೆ ಒಂದೇ ಎಳೆತಕ್ಕೆ ಸುಲಿದು ಬಂತು.

ಎರಡನೆಯ ಬಾರಿ ಬಿ ಮಾದರಿಯ ಕಿಟ್ಟನ್ನೇ ತರಿಸಿದೆ. ಅದು ಬರುವವರೆಗಿನ ಐದು ವಾರ ಲೆಕ್ಕ ಮಾಡುತ್ತ ಕುಳಿತೆ. ಈ ಹವ್ಯಾಸದಲ್ಲಿ ಕುಂಚಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಮೂವತ್ತೈದರ ಮಗ್ಗಿ. ನಿಜವಾದ ಟ್ಯಾಂಕಿನ ಒಡಲು ಸುಮಾರು 6.9 ಮೀಟರ್ ಉದ್ದ. ನನ್ನದು 197 ಮಿಲಿಮೀಟರ್ ಇರಬೇಕು, ಇತ್ತು. ಅಷ್ಟಕ್ಕೆ ತೃಪ್ತರಾದರೆ ಸಾಲದು. ಕಿಟ್ಟಿನ ಮಡ್‌ಗಾರ್ಡ್ ಒಂದು ಮಿಲಿಮೀಟರ್ ದಪ್ಪ. ಮೂವತ್ತೈದರಿಂದ ಗುಣಿಸಿ: ಮೂರೂವರೆ ಸೆಂಟಿಮೀಟರ್ ದಪ್ಪದ ತಗಡು! ಪಿಟಿ-76ರ ಫಿರಂಗಿ ಹೊತ್ತು ತಿರುಗುವ ಗೋಪುರದ ಕವಚವೇ ಎರಡು ಸೆಂಟಿಮೀಟರ್ ದಾಟುವುದಿಲ್ಲ. ಈಜಬೇಕಾದ ಟ್ಯಾಂಕು ದಪ್ಪ ಕವಚ ಹೊರಲಾರದು. ಕಣ್ಣಿಗೆ ಈ ಲೆಕ್ಕ ಗೊತ್ತಿಲ್ಲದಿದ್ದರೂ 'ಇದು ಆಟಿಕೆ' ಎಂದು ಅದಕ್ಕೆ ತಕ್ಷಣ ಅನ್ನಿಸುವುದು ಇಂಥ ದಪ್ಪ ಅಂಚುಗಳಿಂದಲೇ. ಮರಳು ಕಾಗದ ಹಿಡಿದು ಅಂಚುಗಳ ಒಳಬದಿಯನ್ನು ಮಾತ್ರ ಓರೆಯಾಗಿ ತೇಯ್ದೆ, ಹೊರಗಿನಿಂದ ತಗಡಿನಂತೆ ಕಾಣುವವರೆಗೆ. ಎರಡು ಸಂಜೆ ಹಿಡಿಯಿತು. ಒಂದು ಮೂಲೆ ಮುರಿದೇ ಹೋಯಿತು. ಯುದ್ಧದ ಟ್ಯಾಂಕಿನ ಮಡ್‌ಗಾರ್ಡ್ ನೆಟ್ಟಗಿರುವುದು ಅಪರೂಪ ಎಂದು ಸಮಾಧಾನ ಹೇಳಿಕೊಂಡು ಅದನ್ನು ಹಾಗೆಯೇ ಬಿಟ್ಟೆ.

ಗೋಪುರಕ್ಕಾಗಿ ಅಹ್ಮದ್‌ನಗರದ ಟ್ಯಾಂಕ್ ಸಂಗ್ರಹಾಲಯಕ್ಕೆ ಹೋಗಿ ಬಂದೆ. ಸಂಗ್ರಹಾಲಯದ ಟ್ಯಾಂಕನ್ನು ಬಣ್ಣಕ್ಕಾಗಿ ನೋಡಬಾರದು. ಪ್ರದರ್ಶನದ ವಾಹನಗಳಿಗೆ ಮದುಮಗಳ ಅಲಂಕಾರ, ಬಣ್ಣದ ಮೇಲೆ ಬಣ್ಣ. ನೋಡಬೇಕಾದದ್ದು ಬೆಸುಗೆಯನ್ನು. ಪಿಟಿ-76ರ ಗೋಪುರ ಅಚ್ಚಿನಲ್ಲಿ ಎರಕ ಹೊಯ್ದದ್ದಲ್ಲ, ಉಕ್ಕಿನ ಹಾಳೆಗಳನ್ನು ಬಗ್ಗಿಸಿ ಬೆಸೆದದ್ದು. ಕಿಟ್ಟಿನಲ್ಲಿ ನುಣುಪಾದ ಗೆರೆ ಇರುವ ಕಡೆ ನಿಜದಲ್ಲಿ ಸಣ್ಣ ಸಣ್ಣ ಅಲೆಗಳ ಉಬ್ಬು ಇರಬೇಕು. ಪುಟ್ಟಿಯನ್ನು ಶ್ಯಾವಿಗೆಯಂತೆ ಹೊಸೆದು ಸಂದಿಗೆ ಕೂರಿಸಿ, ಒದ್ದೆ ಸೂಜಿಯ ಬೆನ್ನಿನಿಂದ ಒತ್ತುತ್ತ ಹೋದೆ. ಕೈ ನಡುಗಿದ ಕಡೆ ಬೆಸುಗೆ ಇನ್ನೂ ಸಹಜವಾಗಿ ಬಂತು.

ಚಕ್ರಗಳನ್ನು ಬಳಸಿ ಸುತ್ತುವ ಕೊಂಡಿಗಳ ಪಟ್ಟಿ, ಅಂದರೆ ಟ್ರ್ಯಾಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಡಿ ಕೊಂಡಿಗಳನ್ನು ಒಂದೊಂದಾಗಿ ಜೋಡಿಸುವುದು ಹೂ ಕಟ್ಟುವಂಥದೇ ಕೆಲಸ, ಪರಿಮಳ ಇಲ್ಲ ಅಷ್ಟೇ. ಗಮನಿಸಬೇಕಾದದ್ದು ಒಂದು: ಈ ಟ್ಯಾಂಕಿನಲ್ಲಿ ಟ್ರ್ಯಾಕನ್ನು ಮೇಲೆ ಎತ್ತಿ ಹಿಡಿಯುವ ಉರುಳೆಗಳಿಲ್ಲ. ಮೇಲಿನ ಸಾಲು ಚಕ್ರಗಳ ತಲೆಯತ್ತ ಜೋತು ಬೀಳಬೇಕು. ಅಂಟು ಒಣಗುವವರೆಗೆ ಸ್ಪಂಜಿನ ತುಂಡುಗಳನ್ನು ಒತ್ತಿಟ್ಟರೆ ಸಾಕು.

ಬಣ್ಣದ ವಿಷಯದಲ್ಲಿ ಜಗಳಕ್ಕೆ ಬರುವವರು ಬಹಳ. ಆ ಕಾಲದ ಚಿತ್ರಗಳಲ್ಲಿ ಬಹುಪಾಲು ಕಪ್ಪು-ಬಿಳುಪು. ಅವುಗಳಿಂದ ಹಸಿರಿನ ಛಾಯೆ ಓದುತ್ತೇನೆ ಎನ್ನುವವನನ್ನು ನಾನು ನಂಬುವುದಿಲ್ಲ. ನಾನು ಮಾಡಿದ್ದು ಇಷ್ಟು: ತಾಮಿಯಾ ಕಂಪನಿಯ ಆಲಿವ್ ಡ್ರ್ಯಾಬ್ ಎಂಬ ಮಾಸಲು ಹಸಿರು ಬಣ್ಣಕ್ಕೆ ಸ್ವಲ್ಪ ಹಸಿರು, ಸ್ವಲ್ಪ ಖಾಕಿ ಬೆರೆಸಿ ಮೂಲಕ್ಕಿಂತ ತಿಳಿಯಾಗಿಸಿದೆ. ನಿಜವಾದ ಟ್ಯಾಂಕನ್ನು ನಾವು ದೂರದಿಂದ ನೋಡುತ್ತೇವೆ, ನಡುವಿನ ಗಾಳಿ ಬಣ್ಣವನ್ನು ಮಬ್ಬಾಗಿಸುತ್ತದೆ. ಅಂಗೈ ಮೇಲಿನ ಟ್ಯಾಂಕಿಗೆ ಆ ಮಬ್ಬನ್ನು ನಾವೇ ಸೇರಿಸಬೇಕು. ಒಂದು ಎಚ್ಚರಿಕೆ: ಮಳೆ ಹಿಡಿದ ಜುಲೈ ದಿನ ಸ್ಪ್ರೇ ಡಬ್ಬಿ ಮುಟ್ಟಬೇಡಿ. ನನ್ನ ಮೇಲ್ಲೇಪ ತೇವಕ್ಕೆ ಬೂಷ್ಟು ಹಿಡಿದಂತೆ ಬೆಳ್ಳಗಾಗಿ, ಪೂರ್ತಿ ತೇಯ್ದು ತೆಗೆಯಬೇಕಾಯಿತು.

ನೋಂದಣಿ ಸಂಖ್ಯೆ ಬರೆಯುವ ಹೊತ್ತಿಗೆ ಕೈ ನಿಂತಿತು. ನಾನು ಎದುರಿಗಿಟ್ಟುಕೊಂಡಿದ್ದ ಚಿತ್ರದಲ್ಲಿ ಸಂಖ್ಯೆ ಇರಬೇಕಾದ ಜಾಗವನ್ನು ಕೊಂಬೆಗಳು ಮುಚ್ಚಿದ್ದವು. ತೋಚಿದ ಅಂಕಿ ಬರೆದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಾಲ್ಕು ಸುಳ್ಳು ಅಂಕಿ ಬರೆದ ಮೇಲೆ ಅಷ್ಟು ಬೆಸುಗೆ ಒತ್ತಿದ್ದು ಯಾತಕ್ಕೆ? ಚಿತ್ರದಲ್ಲಿದ್ದಂತೆಯೇ ಕೊಂಬೆ ಹೊದಿಸಿದೆ. ಒಣಗಿದ ತುಳಸಿಯ ಕದಿರು ಕೊಂಬೆಯಾಯಿತು, ಅರಿಸಿನ ಬೆರೆಸಿದ ಹಸಿರು ಬಣ್ಣ ಎಲೆಯಾಯಿತು.

ಕೊನೆಗೆ ಮಣ್ಣು. ನವೆಂಬರಿನ ಬಂಗಾಳದಲ್ಲಿ ಮಳೆ ಮುಗಿದಿರುತ್ತದೆ, ಗದ್ದೆ ಮತ್ತು ಜೌಗು ಇನ್ನೂ ಒದ್ದೆಯಿರುತ್ತವೆ. ಹಾಗಾಗಿ ಕೆಳಗೆ ಕೆಸರು, ಮೇಲೆ ಇಬ್ಬನಿ. ಧೂಳಿಗೆ ಅಲ್ಲಿ ಜಾಗವಿಲ್ಲ. ಪ್ಲಾಸ್ಟರ್ ಪುಡಿಗೆ ಬೂದು ಮತ್ತು ಕಂದು ಬಣ್ಣ ಕಲಸಿದೆ. ಇಲ್ಲೂ ಮೂವತ್ತೈದರ ಮಗ್ಗಿ ಬಿಡುವುದಿಲ್ಲ: ಒಂದು ಮಿಲಿಮೀಟರಿನ ಹರಳು ಈ ಲೋಕದಲ್ಲಿ ಮೂರೂವರೆ ಸೆಂಟಿಮೀಟರಿನ ಕಲ್ಲು, ಗಂಗೆಯ ಮೆಕ್ಕಲು ನೆಲದಲ್ಲಿ ಅಂಥ ಕಲ್ಲೆಲ್ಲಿ? ಚಹಾ ಸೋಸುವ ಜಾಲರಿ ಸಾಲದೆ, ಹಳೆಯ ಪಂಚೆಯಲ್ಲಿ ವಸ್ತ್ರಗಾಳಿತ ಮಾಡಿದೆ. ಚಕ್ರಗಳ ಕೆಸರಿಗೆ ಹೊಳಪಿನ ವಾರ್ನಿಷ್ ಅಲ್ಲಲ್ಲಿ ಮುಟ್ಟಿಸಿದೆ, ಹಸಿಯಾಗಿ ಕಾಣಲೆಂದು. ಬಂಗಾಳದ ಸಹೋದ್ಯೋಗಿ ಈ ಬಾರಿ ಮಣ್ಣಿನ ಬಗ್ಗೆ ಮಾತಾಡಲಿಲ್ಲ. ಗೋಪುರದ ಮೇಲೆ ಟ್ಯಾಂಕಿನ ಕಮಾಂಡರನ ಮುಚ್ಚಳ ಯಾಕೆ ತೆರೆದಿದೆ ಎಂದು ಕೇಳಿದರು. ಮಂಜಿನಲ್ಲಿ ಒಳಗೆ ಕುಳಿತರೆ ಏನೂ ಕಾಣುವುದಿಲ್ಲ, ತಲೆ ಹೊರಗೆ ಹಾಕಲೇಬೇಕು ಎಂದೆ. ಅಲ್ಲೊಬ್ಬ ಮನುಷ್ಯನ ಬೊಂಬೆ ನಿಲ್ಲಿಸಲು ಮಾತ್ರ ಮನಸ್ಸಾಗಲಿಲ್ಲ.

ಈಗ ಪಕ್ಕದಲ್ಲಿ ನ್ಯಾಟ್ ಯುದ್ಧವಿಮಾನದ ಮಾದರಿಯೊಂದಕ್ಕೆ ಜಾಗ ಬಿಟ್ಟಿದ್ದೇನೆ. ಗರೀಬ್‌ಪುರದ ಮರುದಿನ ಬೊಯ್ರಾದ ಆಕಾಶದಲ್ಲಿ ನಮ್ಮ ನ್ಯಾಟ್‌ಗಳು ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಹೊಡೆದುರುಳಿಸಿದವು. ಪರವಾನಗಿ ಪಡೆದು ನ್ಯಾಟ್ ಕಟ್ಟಿದ್ದು ನಮ್ಮ ಬೆಂಗಳೂರಿನ ಎಚ್‌ಎಎಲ್. ಊರಿನ ಋಣ ಅಲ್ಲಿ ತೀರಿಸುತ್ತೇನೆ.

ಅಟ್ಟದಲ್ಲಿದ್ದ ಮೊದಲ ಟ್ಯಾಂಕನ್ನು ಮಗಳು ಹೊರತೆಗೆದಳು. "ಅಪ್ಪ, ಇದು ನಿಜವಾಗಿಯೂ ತೇಲುತ್ತದೆಯೇ?" ನಿಜವಾದದ್ದು ಸುಮಾರು 14 ಟನ್. ತೂಕವನ್ನು ಮೂವತ್ತೈದರಿಂದ ಮೂರು ಸಲ ಭಾಗಿಸಬೇಕು: ಸುಮಾರು 327 ಗ್ರಾಂ. ಕರಗಿಸಿದ ಮೇಣದಬತ್ತಿಯಿಂದ ಅಚ್ಚಿನ ತೂತುಗಳನ್ನು ಮುಚ್ಚಿ, ಅಡುಗೆಮನೆಯ ತಕ್ಕಡಿಯ ಮೇಲಿಟ್ಟು, 327 ಬರುವವರೆಗೆ ಒಳಗೆ ನಟ್ಟುಗಳನ್ನು ಹಾಕಿ ಬಕೆಟ್ಟಿಗೆ ಇಳಿಸಿದೆವು. ಮಡ್‌ಗಾರ್ಡಿನ ಹತ್ತಿರದವರೆಗೆ ಮುಳುಗಿ, ಗೋಪುರ ಮೇಲೆ ಮಾಡಿಕೊಂಡು ನಿಂತಿತು. ಶಿರಸಿಯ ಮಣ್ಣು ಕರಗಿ ಬಕೆಟ್ಟಿನ ನೀರೆಲ್ಲ ಕೆಂಪಾಯಿತು.